ಉತಾರದಲ್ಲಿ ಕಾಣದ ವಿಷ

ಕುಂದಗೋಳ ತಾಲ್ಲೂಕಿನ ಕುಬಿಹಾಳದಂಥ ಊರಿನಲ್ಲಿ ಹೊಲ ಕೊಳ್ಳಲು ಹೊರಟವರು ಮಣ್ಣು ಮುಟ್ಟಿ ನೋಡುವುದಕ್ಕೆ ಮೊದಲು ಉತಾರ, ಅಂದರೆ ಪಹಣಿ, ತೆಗೆಸುತ್ತಾರೆ. 9ನೇ ಕಲಮಿನಲ್ಲಿ ಮಾಲೀಕರ ಹೆಸರು ಇರುತ್ತದೆ. 11ರಲ್ಲಿ ಸೊಸೈಟಿಯದೋ ಬ್ಯಾಂಕಿನದೋ ಬೋಜಾ, 12ರಲ್ಲಿ ಸಾಗುವಳಿ ಮಾಡುವವರು ಯಾರು, ಬೆಳೆ ಏನು ಎಂಬ ವಿವರ. ಕೋರ್ಟಿನ ತಡೆ ಇದ್ದರೂ ಅಲ್ಲೇ ಗೊತ್ತಾಗುತ್ತದೆ. ಆ ನೆಲದ ಮೇಲೆ ಹಿಂದೆ ಏನು ಸುರಿದಿದ್ದರು, ಯಾವ ಡ್ರಮ್ಮು ಎಷ್ಟು ವರ್ಷ ಸೋರಿತು, ಯಾವ ಕಾರ್ಖಾನೆಯ ನೀರು ಹರಿದು ಇಂಗಿತು ಎಂಬುದಕ್ಕೆ ಮಾತ್ರ ಕಲಮು ಇಲ್ಲ. ಸಾಲ ತೀರಿದರೆ ಬೋಜಾ ಇಳಿಯುತ್ತದೆ. ಸೀಸ, ಆರ್ಸೆನಿಕ್, ಪಾದರಸಗಳು ಮಣ್ಣಿಗೆ ಸೇರಿದರೆ ಮೂರು ತಲೆಮಾರು ದಾಟಿದರೂ ಇಳಿಯುವುದಿಲ್ಲ.

ಕೆಟ್ಟು ಕೈಬಿಟ್ಟ ನೆಲ ಎಂದರೆ ನಮ್ಮ ಕಣ್ಣ ಮುಂದೆ ಬರುವುದು ದೊಡ್ಡ ಶಹರದ ಕಾರ್ಖಾನೆ. ಶಹರದಲ್ಲಿ ಅಂಥ ನೆಲಕ್ಕೆ ಒಂದು ದಾರಿ ಇದ್ದೇ ಇರುತ್ತದೆ. ಬೆಂಗಳೂರಿನ ಬಿನ್ನಿ ಮಿಲ್ಲಿನ ಜಾಗದಲ್ಲಿ ಅಪಾರ್ಟ್‌ಮೆಂಟುಗಳು ಎದ್ದವು, ಮಲ್ಲೇಶ್ವರದ ರಾಜಾ ಮಿಲ್ಲಿನ ಜಾಗದಲ್ಲಿ ಮಂತ್ರಿ ಮಾಲ್ ಬಂತು. ಅಲ್ಲಿ ನೆಲದ ಬೆಲೆಯೇ ಎಲ್ಲ ಖರ್ಚನ್ನೂ ಹೊರುತ್ತದೆ. ಮಣ್ಣು ಅಗೆದು ಸಾಗಿಸುವುದಿರಲಿ, ಹಳೆ ಗೋಡೆ ಕೆಡವುವುದಿರಲಿ, ಕೋರ್ಟು ಕಚೇರಿ ಅಲೆಯುವುದಿರಲಿ, ಬಿಲ್ಡರನಿಗೆ ಲೆಕ್ಕ ಸರಿಹೋಗುತ್ತದೆ. ಹಳ್ಳಿಯಲ್ಲಿ ಈ ಲೆಕ್ಕ ತಲೆಕೆಳಗು. ಮುಚ್ಚಿದ ಜಿನ್ನಿಂಗ್ ಫ್ಯಾಕ್ಟರಿಯ ಅಂಗಳ, ಡೀಸೆಲ್ ಟ್ಯಾಂಕ್ ಹುಗಿದಿದ್ದ ಜಾಗ, ಔಷಧದ ಹಳೆ ಗೋದಾಮು, ಪೇಟೆಯ ಕಸ ಬಂದು ಬೀಳುವ ಪಾಳು ಕ್ವಾರಿ, ಇಂಥ ಕಡೆ ಎಕರೆಯ ಬೆಲೆಗಿಂತ ಅದನ್ನು ಚೊಕ್ಕ ಮಾಡುವ ಖರ್ಚೇ ಹೆಚ್ಚು. ಆದ್ದರಿಂದ ಯಾರೂ ಮುಟ್ಟುವುದಿಲ್ಲ. ಜಾಲಿ ಬೆಳೆಯುತ್ತದೆ, ಬೇಲಿ ಬೀಳುತ್ತದೆ, ಆಡು ಮೇಯಲು ಬರುತ್ತವೆ.

ಎಷ್ಟು ಚೊಕ್ಕವಾದರೆ ಸಾಕು ಎಂಬ ಪ್ರಶ್ನೆಗೂ ಹಳ್ಳಿಯಲ್ಲಿ ಉತ್ತರ ಬೇರೆ. ನೆಲವನ್ನು ಮುಂದೆ ಯಾವುದಕ್ಕೆ ಬಳಸುತ್ತೀರಿ ಎಂದು ಕೇಳಿ, ಅದಕ್ಕೆ ತಕ್ಕಂತೆ ಮಿತಿ ಗೊತ್ತುಮಾಡುವುದು ಜಗತ್ತಿನಾದ್ಯಂತ ಇರುವ ರೂಢಿ. ಕಾರ್ಖಾನೆಗಾದರೆ ಸ್ವಲ್ಪ ಸಡಿಲ, ಮನೆಗಾದರೆ ಬಿಗಿ. ಕಾಗದದ ಮೇಲೆ ಇದು ಸರಿಯಾಗಿಯೇ ಇದೆ. ನಮ್ಮ ಕಡೆಯ ಒಂದು ಖಾಲಿ ಅಂಗಳವನ್ನು ಯಾವ ಪಟ್ಟಿಗೆ ಸೇರಿಸುತ್ತೀರಿ? ಬೆಳಿಗ್ಗೆ ದನ ಕಟ್ಟುತ್ತಾರೆ, ಸಂಜೆ ಹುಡುಗರು ಕ್ರಿಕೆಟ್ ಆಡುತ್ತಾರೆ, ಸುಗ್ಗಿ ಬಂದರೆ ಅದೇ ಕಣ. ಕುಂದಗೋಳ ಬ್ಯಾಡಗಿ ಮೆಣಸಿನಕಾಯಿಯ ಸೀಮೆ. ಹಣ್ಣುಗಾಯಿ ಬಿಡಿಸಿ ದಿನಗಟ್ಟಲೆ ಬಯಲಲ್ಲಿ ಹರವಿ ಒಣಗಿಸಬೇಕು. ಮುಚ್ಚಿದ ಫ್ಯಾಕ್ಟರಿಯ ಸಪಾಟು ಅಂಗಳ ಇದ್ದರೆ ಅದಕ್ಕಿಂತ ಅನುಕೂಲದ ಜಾಗ ಇನ್ನೆಲ್ಲಿ! ಕೈಗಾರಿಕಾ ಬಳಕೆಯ ಮಿತಿಗೆ ತೊಳೆದ ನೆಲ ಹೀಗೆ ನೇರವಾಗಿ ಊಟದ ತಾಟಿಗೆ ಸೇರಿಕೊಳ್ಳುತ್ತದೆ.

ಇದರ ಮೇಲೆ ನಮ್ಮ ಎರಿ ಭೂಮಿಯ ಗುಣವೊಂದಿದೆ. ಬೇಸಿಗೆಯಲ್ಲಿ ಅದು ಕೈ ತೂರಿಸುವಷ್ಟು ಬಿರಿಯುತ್ತದೆ. ಆಗ ಮೇಲೆ ಚೆಲ್ಲಿದ್ದು ಬಿರುಕಿನೊಳಗೆ ಆಳಕ್ಕೆ ಇಳಿಯುತ್ತದೆ. ಮಳೆ ಬಂದರೆ ಮಣ್ಣು ಉಬ್ಬಿ ಬಿರುಕು ಮುಚ್ಚಿಕೊಂಡು, ಇಳಿದದ್ದನ್ನು ಒಳಗೇ ಹಿಡಿದಿಡುತ್ತದೆ. ಅಂಟುಮಣ್ಣಾದ್ದರಿಂದ ಲೋಹವನ್ನೂ ಕೀಟನಾಶಕವನ್ನೂ ಅಂತರ್ಜಲಕ್ಕೆ ಬೇಗ ಬಿಟ್ಟುಕೊಡುವುದಿಲ್ಲ, ಅಷ್ಟು ಸುಲಭವಾಗಿ ಕಳಚಿಕೊಳ್ಳುವುದೂ ಇಲ್ಲ. ಹತ್ತಿಗೆ ದಶಕಗಟ್ಟಲೆ ಎಣ್ಣೆ ಹೊಡೆದ ಸೀಮೆ ನಮ್ಮದು. ಕೃಷಿಯಲ್ಲಿ ಡಿಡಿಟಿ ನಿಂತದ್ದು 1989ರಲ್ಲಿ, ಬಿಎಚ್‌ಸಿ ಪುಡಿಗೆ ನಿಷೇಧ ಬಂದದ್ದು 1997ರಲ್ಲಿ. ಈ ಜಾತಿಯ ರಾಸಾಯನಿಕಗಳ ಆಯುಷ್ಯವನ್ನು ಮಳೆಗಾಲಗಳಲ್ಲಿ ಎಣಿಸಲಾಗದು, ದಶಕಗಳಲ್ಲೇ ಎಣಿಸಬೇಕು.

ಕನ್ನಡಿಗರ ನಡುವೆ ಇದರ ಅತಿ ಕ್ರೂರ ರೂಪ ಕಂಡದ್ದು ಕಾಸರಗೋಡಿನಲ್ಲಿ. ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಎಣ್ಮಕಜೆಯ ಪಡ್ರೆಯಲ್ಲಿ ಏನೋ ಸರಿಯಿಲ್ಲ ಎಂದು ಮೊದಲು ಬರೆದವರು ಪತ್ರಕರ್ತ ಶ್ರೀಪಡ್ರೆ. ಕಾಯಿಲೆಗಳ ಹಿಂದೆ ಬಿದ್ದವರು ಅಲ್ಲಿನ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ದೇಶಾದ್ಯಂತ ತಡೆ ಹಾಕಿತು, 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರಕ್ಕೆ ಆದೇಶಿಸಿತು. ಸಿಂಪಡಣೆ ನಿಂತ ಮೇಲೂ ಉಳಿದ ಔಷಧ ನಿಗಮದ ಗೋದಾಮುಗಳಲ್ಲೇ ಬಿದ್ದಿತ್ತು. ಡ್ರಮ್ಮುಗಳು ತುಕ್ಕು ಹಿಡಿದು ಸೋರತೊಡಗಿದ್ದರಿಂದ 2012ರಲ್ಲಿ ಅದನ್ನು ಹೊಸ ಬ್ಯಾರಲ್‌ಗಳಿಗೆ ತುಂಬಬೇಕಾಯಿತು. ಮಿಂಚಿನಪದವಿನ ತೋಟದ ಪಾಳುಬಾವಿಯಲ್ಲಿ ಅದನ್ನು ಹೂತಿದ್ದಾರೆಂಬ ದೂರು ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಿತು. ಪರಿಹಾರದ ಹಣ ಮನುಷ್ಯರಿಗೆ ಸಂದಿತು. ನೆಲಕ್ಕೆ ಏನು ಮಾಡಬೇಕು ಎಂಬ ಮಾತು ಬಾವಿಯ ದೂರಿನಷ್ಟು ತಡವಾಗಿ ಬಂತು.

ಇನ್ನು ನೆಲವನ್ನೇ ಮತ್ತೆ ಬಳಕೆಗೆ ತರುವ ಮಾತು. ಕರ್ನಾಟಕದಲ್ಲಿ ಅದರ ಅತಿ ದೊಡ್ಡ ಪರೀಕ್ಷೆ ನಡೆಯಬೇಕಾಗಿರುವುದು ಕೋಲಾರದ ಚಿನ್ನದ ಗಣಿಗಳ ಊರು ಕೆಜಿಎಫ್‌ನಲ್ಲಿ. ದೂರದ ಊರು ಎನ್ನಬೇಡಿ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 19ನೇ ಶತಮಾನದ ಕೊನೆಯಲ್ಲಿ ಈ ನಾಡಿನ ಪುರಾತನ ಶಿಲಾವರ್ಗಕ್ಕೆ ‘ಧಾರವಾಡ’ ಎಂದೇ ಹೆಸರಿಟ್ಟರು. ಕೋಲಾರದ ಚಿನ್ನ, ಹಟ್ಟಿಯ ಚಿನ್ನ, ನಮ್ಮ ನೆರೆಯ ಕಪ್ಪತಗುಡ್ಡದ ಚಿನ್ನ ಎಲ್ಲವನ್ನೂ ಆತನ ಕಾಲದವರು ಅದೇ ಹೆಸರಿನ ಕೆಳಗೆ ಸೇರಿಸಿದ್ದರು.

ಮೈಕೇಲ್ ಲವೆಲ್ ಎಂಬ ನಿವೃತ್ತ ಸೈನಿಕ 1870ರ ದಶಕದಲ್ಲಿ ಕೋಲಾರದಲ್ಲಿ ಗಣಿ ಅಗೆಯಲು ಮೈಸೂರು ಸರ್ಕಾರದಿಂದ ಪರವಾನಗಿ ಪಡೆದ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಕಂಪನಿ ಬಂತು. 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಬಂತು. ಬಾವಿಗಳು ಇಳಿಯುತ್ತ ಇಳಿಯುತ್ತ ಮೂರು ಕಿಲೋಮೀಟರಿಗೂ ಆಳಕ್ಕೆ ಹೋದವು. ಸುಮಾರು 120 ವರ್ಷಗಳಲ್ಲಿ ತೆಗೆದ ಚಿನ್ನ 800 ಟನ್ ಆಸುಪಾಸು. ಈ ಭಾಗ ಎಲ್ಲರಿಗೂ ಗೊತ್ತು, ಸಿನಿಮಾ ನೋಡಿದವರಿಗೆ ಅರ್ಧಂಬರ್ಧ ಗೊತ್ತು. ನಾವು ನಿಂತು ನೋಡಬೇಕಾದದ್ದು ಚಿನ್ನ ತೆಗೆದ ಮೇಲೆ ಉಳಿದದ್ದನ್ನು.

ಕೆಳಗಿನಿಂದ ಬಂದ ಬೆಣಚುಕಲ್ಲನ್ನು ಗಿರಣಿಯಲ್ಲಿ ಕುಟ್ಟಿ ಹಿಟ್ಟು ಮಾಡುತ್ತಿದ್ದರು. ಪಾದರಸ ಬಳಿದ ತಾಮ್ರದ ತಗಡಿನ ಮೇಲೆ ಆ ಹಿಟ್ಟು ಕಲೆಸಿದ ನೀರನ್ನು ಹರಿಸಿದರೆ ದಪ್ಪ ಕಣಗಳು ಅಂಟಿಕೊಳ್ಳುತ್ತಿದ್ದವು. ಸಣ್ಣ ಕಣ ಕೈಗೆ ಸಿಗುತ್ತಿರಲಿಲ್ಲ. ಅದಕ್ಕೆ ಉಪಾಯ ಹುಡುಕಿದ್ದು ಗ್ಲಾಸ್ಗೊದಲ್ಲಿ, 1887ರಲ್ಲಿ. ತೀರಾ ತೆಳುವಾದ ಸೈನೈಡ್ ದ್ರಾವಣ ಚಿನ್ನವನ್ನು ಕರಗಿಸಿಕೊಳ್ಳುತ್ತದೆ, ಸತು ಹಾಕಿದರೆ ಚಿನ್ನ ಮತ್ತೆ ಹೊರಬರುತ್ತದೆ. ದ್ರಾವಣ ವಿಷಗಾಳಿಯಾಗದಿರಲು ಸುಣ್ಣ ಬೆರೆಸುತ್ತಿದ್ದರು. ಆಮೇಲೆ ಉಳಿದ ರಾಡಿಯನ್ನು ಬಯಲಿಗೆ ಬಿಡುತ್ತಿದ್ದರು. ಅದು ಪದರ ಪದರವಾಗಿ ಒಣಗಿ ಗುಡ್ಡವಾಯಿತು. ಹೀಗೆ ಬೆಳೆದ 13 ದಿಬ್ಬಗಳಲ್ಲಿ ಇರುವ ಪುಡಿ ಸುಮಾರು 3.3 ಕೋಟಿ ಟನ್.

ಊರಿನವರ ಬಾಯಲ್ಲಿ ಇವು ಸೈನೈಡ್ ದಿಬ್ಬಗಳು. ಭಯ ಹುಟ್ಟಿಸಲು ಈ ಹೆಸರೊಂದೇ ಸಾಕು, ಆದರೆ ಅದು ನಮ್ಮ ಗಮನವನ್ನು ತಪ್ಪು ಕಡೆಗೆ ಎಳೆಯುತ್ತದೆ. ಬಿಸಿಲಿಗೂ ಗಾಳಿಗೂ ತೆರೆದುಕೊಂಡ ಸೈನೈಡ್ ಒಡೆದುಹೋಗುತ್ತದೆ, ಕಬ್ಬಿಣದ ಜೊತೆ ಬೆಸೆದುಕೊಂಡದ್ದು ಮಾತ್ರ ಬಹುಕಾಲ ನಿಲ್ಲುತ್ತದೆ. ಆರ್ಸೆನಿಕ್, ಸೀಸದಂಥವು ಒಡೆಯುವ ವಸ್ತುಗಳಲ್ಲ, ಅವು ಮೂಲಧಾತುಗಳು. ಕೋಲಾರದ ಕೆಲವು ಅದಿರಿನ ಎಳೆಗಳಲ್ಲಿ ಆರ್ಸೆನಿಕ್ ಇರುವ ಗಂಧಕದ ಖನಿಜವೂ ಇತ್ತು, ಕಲ್ಲನ್ನು ಹಿಟ್ಟು ಮಾಡಿ ಅದಕ್ಕೆ ಗಾಳಿ ನೀರಿನ ದಾರಿಯನ್ನು ನಾವೇ ತೆರೆದೆವು. ಎಲ್ಲಕ್ಕಿಂತ ಹತ್ತಿರದ ಅಪಾಯ ಹಿಟ್ಟಿನ ನಯದಲ್ಲೇ ಇದೆ. ಆಷಾಢದ ಗಾಳಿ ಎದ್ದರೆ ದಿಬ್ಬದ ದೂಳು ಕಾರ್ಮಿಕರ ಲೈನ್ ಮನೆಗಳ ಮೇಲೆ ಇಳಿಯುತ್ತದೆ. ಬೆಣಚುಕಲ್ಲಿನ ನಯವಾದ ದೂಳು ಶ್ವಾಸಕೋಶಕ್ಕೆ ಏನು ಮಾಡುತ್ತದೆ ಎಂದು ಗಣಿಯಲ್ಲಿ ಇಳಿದು ದುಡಿದವರ ಮನೆಯಲ್ಲಿ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಈ ಪುಡಿಯಲ್ಲಿ ಸತ್ವವೇ ಇಲ್ಲ. ಗೊಬ್ಬರ ಇಲ್ಲ, ಜೀವಾಣು ಇಲ್ಲ, ನೀರು ಹಿಡಿಯುವ ಗುಣ ಇಲ್ಲ. ಹುಲ್ಲು ತಾನಾಗಿ ಬೇರೂರದ್ದರಿಂದ ಗಾಳಿಗೆ ಅಡ್ಡಿಯೂ ಇಲ್ಲ.

ಸಿನಿಮಾದವರಿಗೆ ಇದೇ ಬಂಗಾರವಾಯಿತು. ಕೆಜಿಎಫ್ ಚಿತ್ರದ ಸೆಟ್ಟು ಎದ್ದದ್ದು ಇದೇ ದಿಬ್ಬಗಳ ಮೇಲೆ. ಎರಡನೇ ಭಾಗದ ಶೂಟಿಂಗಿಗೆ 2019ರಲ್ಲಿ ಸ್ಥಳೀಯ ಕೋರ್ಟು ಕೆಲಕಾಲ ತಡೆ ಕೊಟ್ಟಿತ್ತು. ಅರ್ಜಿದಾರರು ಹೇಳಿದ್ದು ದಿಬ್ಬಕ್ಕೆ, ಪರಿಸರಕ್ಕೆ ಹಾನಿಯಾಗುತ್ತಿದೆ ಎಂದು. ವಿಷದ ಗುಡ್ಡವನ್ನು ಮನುಷ್ಯರಿಂದ ಕಾಪಾಡಲು ಕೋರ್ಟಿಗೆ ಹೋಗಬೇಕಾಯಿತಲ್ಲ ಎಂದು ನಗು ಬರಬಹುದು. ಆದರೆ ಒಣಗಿ ಗಟ್ಟಿಯಾದ ಮೇಲ್ಪದರ ಒಡೆದರೆ ಅಡಿಯ ಪುಡಿ ಏಳುತ್ತದೆ. ಹಾಗಾಗಿ ಆ ಅರ್ಜಿಯಲ್ಲಿ ನ್ಯಾಯ ಇತ್ತು.

ಇದನ್ನೆಲ್ಲ ಸರಿಪಡಿಸಬೇಕಾದವರು ಯಾರು? ಕೆಡಿಸಿದವರೇ ದಂಡ ತೆರಬೇಕು ಎಂಬ ತತ್ವವನ್ನು ನಮ್ಮ ಕೋರ್ಟುಗಳು ಒಪ್ಪಿವೆ. ಕೆಜಿಎಫ್‌ನಲ್ಲಿ ಕೆಡಿಸಿದವರ ಹೆಸರು ಕೈಯಿಂದ ಕೈಗೆ ಹೋಗುತ್ತಲೇ ಇತ್ತು. ಟೇಲರ್ ಕಂಪನಿ 1956ರಲ್ಲಿ ಹೊರಟಿತು, ಮೈಸೂರು ಸರ್ಕಾರ ವಹಿಸಿಕೊಂಡಿತು. 1962ರಲ್ಲಿ ಕೇಂದ್ರಕ್ಕೆ ಹೋಯಿತು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಆಯಿತು. ನಷ್ಟದ ಕಾರಣ ಹೇಳಿ 2001ರ ಫೆಬ್ರುವರಿ 28ಕ್ಕೆ ಬಾಗಿಲು ಹಾಕಿದರು. ಪಂಪು ನಿಂತಿತು, ಸುರಂಗಗಳಲ್ಲಿ ನೀರು ತುಂಬಿತು, ದುಡಿಯುವವರು ಬೆಳಗಿನ ಜಾವದ ರೈಲು ಹತ್ತಿ ಬೆಂಗಳೂರಿಗೆ ಹೋಗತೊಡಗಿದರು. ಗಣಿ ಮುಚ್ಚುವವರು ಹೇಗೆ ಮುಚ್ಚುತ್ತೇವೆ, ಅದಕ್ಕೆ ಹಣ ಎಲ್ಲಿಟ್ಟಿದ್ದೇವೆ ಎಂದು ಮೊದಲೇ ಯೋಜನೆ ಕೊಡಬೇಕೆಂಬ ನಿಯಮ ಈ ದೇಶದಲ್ಲಿ ಕಡ್ಡಾಯವಾದದ್ದು 2003ರಲ್ಲಿ. ಕೆಜಿಎಫ್ ಎರಡು ವರ್ಷ ಮೊದಲೇ ಮುಚ್ಚಿಯಾಗಿತ್ತು. ಈ ಎರಡು ವರ್ಷದ ಅಂತರಕ್ಕೆ ಒಂದು ಊರು ತೆತ್ತ ಬೆಲೆಯನ್ನು ಯಾರೂ ಲೆಕ್ಕ ಹಾಕಿದಂತಿಲ್ಲ.

ಬಳ್ಳಾರಿಯ ಕತೆ ಇದಕ್ಕೆ ತದ್ವಿರುದ್ಧ. ಅಕ್ರಮ ಗಣಿಗಾರಿಕೆಯ ಗಲಾಟೆಯಲ್ಲಿ ಸುಪ್ರೀಂ ಕೋರ್ಟು 2011ರಲ್ಲಿ ಗಣಿ ನಿಲ್ಲಿಸಿ, ಅದಿರು ಹರಾಜಿನ ಹಣದಲ್ಲಿ ಒಂದು ಪಾಲನ್ನು ನೆಲ ಮತ್ತು ಜನರ ಪುನಶ್ಚೇತನಕ್ಕೆಂದೇ ಎತ್ತಿಡಿಸಿತು. ಸಾವಿರಾರು ಕೋಟಿ ಸೇರಿತು, ಅದನ್ನು ಖರ್ಚು ಮಾಡಲು ಒಂದು ನಿಗಮವೇ ಹುಟ್ಟಿತು. ಹೇಗೆ ಖರ್ಚಾಗುತ್ತಿದೆ ಎಂಬುದರ ಬಗ್ಗೆ ತಕರಾರುಗಳಿವೆ, ಇರಲಿ. ಅಲ್ಲಿ ತಕರಾರು ಮಾಡಲಾದರೂ ಒಂದು ನಿಧಿ ಇದೆ. ಅದಿರಿಗೆ ಬೆಲೆ ಇದ್ದಾಗಲೇ ಹಣ ಹಿಡಿದುಕೊಂಡರೆ ಮಾತ್ರ ಸಿಗುತ್ತದೆ, ಗಣಿ ಮುಚ್ಚಿದ ಮೇಲೆ ಕೇಳಿದರೆ ಕೊಡುವವರು ಯಾರೂ ಇರುವುದಿಲ್ಲ.

ಕೆಜಿಎಫ್‌ಗೆ ಯೋಜನೆಗಳ ಬರವಿಲ್ಲ. ಹುಬ್ಬಳ್ಳಿಯ ಜಗದೀಶ ಶೆಟ್ಟರ್ ಕೈಗಾರಿಕಾ ಸಚಿವರಾಗಿದ್ದಾಗ ಅಲ್ಲಿಗೆ ಹೋಗಿ, ಭಾರತ್ ಗೋಲ್ಡ್ ಮೈನ್ಸ್ ಕಂಪನಿಯ ಖಾಲಿ ಬಿದ್ದ 3,200 ಎಕರೆಯಲ್ಲಿ ಕೈಗಾರಿಕಾ ಪಾರ್ಕ್ ಮಾಡೋಣ ಎಂದರು. ಆಗ ಕೇಂದ್ರದ ಗಣಿ ಸಚಿವರು ಧಾರವಾಡದ ಸಂಸದ ಪ್ರಲ್ಹಾದ ಜೋಶಿ. 2024ರ ಜೂನ್ ತಿಂಗಳಲ್ಲಿ ರಾಜ್ಯ ಸಂಪುಟ ಕೇಂದ್ರದ ಇನ್ನೊಂದು ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿತು. ಸುಮಾರು 1,003 ಎಕರೆಯಲ್ಲಿ ಹರಡಿರುವ ಆ 13 ದಿಬ್ಬಗಳ ಪುಡಿಯನ್ನೇ ಮತ್ತೆ ಸಂಸ್ಕರಿಸಿ, ಹಿಂದಿನವರ ಕೈಗೆ ಸಿಗದ ಚಿನ್ನ ತೆಗೆಯುವುದು. ಪ್ರಕಟಿಸಿದವರು ಕಾನೂನು ಸಚಿವ, ಗದಗಿನ ಎಚ್.ಕೆ. ಪಾಟೀಲ. ಕೋಲಾರದ ದಿಬ್ಬಗಳ ಹಣೆಬರಹ ಬರೆಯುವ ಸರದಿ ಮತ್ತೆ ಮತ್ತೆ ನಮ್ಮ ಭಾಗದವರಿಗೇ ಬಂದಿದೆ.

ಈ ಯೋಜನೆಯನ್ನು ನಾನು ಒಂದೇ ಏಟಿಗೆ ತಳ್ಳಿಹಾಕುವುದಿಲ್ಲ. ದಿಬ್ಬ ಇದ್ದಲ್ಲೇ ಬಿಟ್ಟರೆ ದೂಳು ಇನ್ನೂ ನೂರು ವರ್ಷ ಹಾರುತ್ತದೆ, ಅದನ್ನು ಸರಿಸಲು ಖರ್ಚು ಮಾಡುವ ಸರ್ಕಾರ ಹುಟ್ಟಿ ಬರಬೇಕಷ್ಟೆ. ಚಿನ್ನದ ಆಸೆಯಿಂದಲಾದರೂ ಯಾರೋ ಹಣ ಹಾಕಲು ಮುಂದೆ ಬಂದರೆ, ಶಹರದಲ್ಲಿ ನೆಲದ ಬೆಲೆ ಮಾಡುವ ಕೆಲಸವನ್ನು ಇಲ್ಲಿ ಚಿನ್ನದ ಬೆಲೆ ಮಾಡಬಹುದು. ಜೋಹಾನ್ಸ್‌ಬರ್ಗ್ ಸುತ್ತಲಿನ ಹಳೆಯ ಚಿನ್ನದ ದಿಬ್ಬಗಳನ್ನು 1970ರ ದಶಕದ ಕೊನೆಯಿಂದ ಹೀಗೇ ನೀರಿನ ರಭಸದಿಂದ ಕರಗಿಸಿ ಮರುಸಂಸ್ಕರಿಸುತ್ತ ಬಂದಿದ್ದಾರೆ. ಶಹರದ ಮಗ್ಗುಲಲ್ಲಿದ್ದ ಎಷ್ಟೋ ದಿಬ್ಬಗಳು ಮಾಯವಾಗಿವೆ.

ಮಾಯವಾದವು ಎಂದರೆ ಬೇರೆ ಕಡೆ ಹೋದವು ಎಂದಷ್ಟೇ. ಉಳಿದ ರಾಡಿಯನ್ನು ಒಯ್ದು ಬ್ರಾಕ್‌ಪಾನ್ ಬಳಿಯ ಮಹಾದಿಬ್ಬಕ್ಕೆ ಸುರಿದರು. ಕೆಜಿಎಫ್‌ನ ಲೆಕ್ಕವನ್ನು ಬೆರಳಲ್ಲೇ ಮಾಡಬಹುದು. ಪುಡಿಯಲ್ಲಿರುವ ಚಿನ್ನ ಟನ್ನಿಗೆ ಒಂದು ಗ್ರಾಮಿಗೂ ಕಡಿಮೆ. ಉದಾರವಾಗಿ ಒಂದು ಗ್ರಾಂ ಎಂದೇ ಹಿಡಿದು, ಎಲ್ಲವೂ ಕೈಗೆ ಬಂತು ಎಂದುಕೊಂಡರೂ 33 ಟನ್ ಚಿನ್ನ. ಮಿಕ್ಕ 3 ಕೋಟಿ 29 ಲಕ್ಷ 99 ಸಾವಿರ ಚಿಲ್ಲರೆ ಟನ್ ಪುಡಿ ಇದ್ದಷ್ಟೇ ಇರುತ್ತದೆ. ಹೆಚ್ಚಿನ ಸಂಗತಿ ಏನೆಂದರೆ ಅದು ಈಗ ಹೊಸದಾಗಿ ನೆನೆದು, ಹೊಸದಾಗಿ ರಾಸಾಯನಿಕ ಕಂಡ ಪುಡಿ. ಅದನ್ನು ತಳಕ್ಕೆ ಹಾಸು ಹಾಕಿದ ಗುಂಡಿಗೆ ಬಿಡುತ್ತಾರೋ, ನೀರು ಹಿಂಡಿ ಒಣಗಿಸಿ ಪೇರಿಸುತ್ತಾರೋ, ಮೇಲೆ ಎರಡು ಮೂರು ಅಡಿ ಒಳ್ಳೆ ಮಣ್ಣು ಹೊದಿಸಿ ಹುಲ್ಲು ಹಿಡಿಸುತ್ತಾರೋ ಎಂಬುದರ ಮೇಲೆ ಊರಿನ ಮುಂದಿನ ನೂರು ವರ್ಷ ನಿಂತಿದೆ. ದಿಬ್ಬ ಎತ್ತಿದ ಜಾಗದ ಅಡಿಮಣ್ಣು ತಾನಾಗಿ ಚೊಕ್ಕವಾಗುವುದಿಲ್ಲ, ಅದನ್ನೂ ಅಗೆದು ಪರೀಕ್ಷಿಸಬೇಕು.

ಗಿಡ ನೆಟ್ಟು ವಿಷ ಹೀರಿಸಬಹುದಲ್ಲ ಎಂದು ಕೇಳುವವರಿದ್ದಾರೆ. ಕೆಜಿಎಫ್ ಬಾಗಿಲು ಹಾಕಿದ ತಿಂಗಳೇ, 2001ರ ಫೆಬ್ರುವರಿಯಲ್ಲಿ, ನೇಚರ್ ಪತ್ರಿಕೆಯಲ್ಲಿ ಒಂದು ಜರೀಗಿಡದ ಸುದ್ದಿ ಬಂತು. ಫ್ಲಾರಿಡಾದಲ್ಲಿ ಮರಕ್ಕೆ ಔಷಧ ಹಾಕುತ್ತಿದ್ದ ಹಳೆಯ ಜಾಗದಲ್ಲಿ ಬೆಳೆದಿದ್ದ ಆ ಗಿಡ ಮಣ್ಣಿನ ಆರ್ಸೆನಿಕ್ಕನ್ನು ಹೀರಿ ಎಲೆಯಲ್ಲಿ ತುಂಬಿಕೊಳ್ಳುತ್ತಿತ್ತು. ಅದ್ಭುತವೇ ಸರಿ, ಆದರೆ ಆ ಎಲೆಯನ್ನು ಕೊಯ್ದು ಎಲ್ಲಿ ಹಾಕುತ್ತೀರಿ? ಬೇಲಿ ಇಲ್ಲದ ಬಯಲಲ್ಲಿ ಅದನ್ನು ಕೊಯ್ಯುವ ಕೆಲಸ ಆಡುಗಳೇ ಮಾಡಿ ಮುಗಿಸುತ್ತವೆ. ದೂಳು ತಡೆಯಲು ಗಿಡ ಬೇಕೇ ಬೇಕು, ವಿಷ ತೆಗೆಯಲು ಅದನ್ನೊಂದನ್ನೇ ನಂಬಲಾಗದು.

ಸಣ್ಣ ಊರೊಂದು ದಿಬ್ಬದ ಖರ್ಚನ್ನು ತಾನೇ ಹೊರಬೇಕಾಗಿ ಬಂದರೆ ಏನಾಗುತ್ತದೆ ಎಂಬುದಕ್ಕೆ ವೇಲ್ಸ್‌ನ ಅಬರ್‌ಫ್ಯಾನ್ ಸಾಕ್ಷಿ. 1966ರ ಅಕ್ಟೋಬರ್ 21ರ ಬೆಳಿಗ್ಗೆ ಊರ ಮೇಲಿನ ಕಲ್ಲಿದ್ದಲು ಗಣಿಯ ದಿಬ್ಬ ಜರಿದು ಶಾಲೆಯ ಮೇಲೆ ಬಿತ್ತು. 116 ಮಕ್ಕಳು, 28 ದೊಡ್ಡವರು ಸತ್ತರು. ಮಿಕ್ಕ ದಿಬ್ಬಗಳನ್ನು ತೆಗೆಯಿರಿ ಎಂದು ಊರವರು ಅಂಗಲಾಚಿದಾಗ, ಸಂತ್ರಸ್ತರಿಗೆಂದು ಜನ ಕೊಟ್ಟ ದೇಣಿಗೆಯಿಂದಲೇ ಸರ್ಕಾರ 1,50,000 ಪೌಂಡ್ ಕಿತ್ತುಕೊಂಡಿತು. ಅದನ್ನು ಹಿಂದಕ್ಕೆ ಕೊಟ್ಟದ್ದು 1997ರಲ್ಲಿ, ಬಡ್ಡಿ ಇಲ್ಲದೆ. ದಿಬ್ಬ ಮಾಡಿದ್ದು ಅಲ್ಲಿಯೂ ಸರ್ಕಾರದ್ದೇ ಸಂಸ್ಥೆ.

ನಮ್ಮಲ್ಲಿ ಕೊನೆಗೂ ಒಂದು ನಿಯಮ ಬಂದಿದೆ. ಮಲಿನಗೊಂಡ ಸ್ಥಳಗಳ ನಿರ್ವಹಣೆಗೆಂದು ಕೇಂದ್ರ ಪರಿಸರ ಸಚಿವಾಲಯ 2025ರ ಜುಲೈ ತಿಂಗಳಲ್ಲಿ ನಿಯಮಾವಳಿ ಹೊರಡಿಸಿತು. ಆ ಹೊತ್ತಿಗೆ ದೇಶದಲ್ಲಿ ಗುರುತಿಸಿದ ಇಂಥ ಜಾಗಗಳು 103, ಚೊಕ್ಕ ಮಾಡುವ ಕೆಲಸ ಶುರುವಾಗಿದ್ದದ್ದು 7ರಲ್ಲಿ. ಈ ನಿಯಮಾವಳಿಯಲ್ಲಿ ಹಳ್ಳಿಗೆ ಮುಖ್ಯವಾದ ಒಂದು ಅಂಶ ಇದೆ. ಅನುಮಾನ ಇರುವ ಜಾಗಗಳ ಪಟ್ಟಿಯನ್ನು ಆರು ತಿಂಗಳಿಗೊಮ್ಮೆ ಜಿಲ್ಲಾಡಳಿತ ಅಥವಾ ಸ್ಥಳೀಯ ಸಂಸ್ಥೆ ಕೊಡಬೇಕು, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ 90 ದಿನದಲ್ಲಿ ಮೊದಲ ತನಿಖೆ ಮಾಡಬೇಕು. ಎಲ್ಲಿ ಡ್ರಮ್ಮು ಹೂತಿದ್ದರು, ಯಾವ ಬಾವಿಯ ನೀರು ಯಾವ ವರ್ಷ ಕೆಟ್ಟಿತು ಎಂಬುದು ಬೆಂಗಳೂರಿನ ಕಚೇರಿಗೆ ಗೊತ್ತಿರುವುದಿಲ್ಲ. ಫ್ಯಾಕ್ಟರಿಯಲ್ಲಿ ಹಮಾಲಿ ಮಾಡಿದ ಮುದುಕರಿಗೆ ಗೊತ್ತಿರುತ್ತದೆ. ಅವರ ಮಾತು ಗ್ರಾಮಸಭೆಯ ಠರಾವಿಗೆ ಬಂದರೆ ಪಟ್ಟಿಗೆ ಏರಲು ದಾರಿ ಇದೆ. ಕೆಡಿಸಿದವರು ಸಿಗದಿದ್ದರೆ ಖರ್ಚು ಸರ್ಕಾರಗಳ ಪಾಲಿಗೆ. ಕೆಲಸ ಇಂಥ ದಿನಕ್ಕೆ ಮುಗಿಯಬೇಕು ಎಂಬ ಗಡುವನ್ನು ಮಾತ್ರ ಬರೆದಿಲ್ಲ. ನಮ್ಮ ನಿಯಮಗಳಲ್ಲಿ ಇದೇನೂ ಹೊಸತಲ್ಲ.

ಗಣಿಗಾರಿಕೆಯಿಂದ ಬಂದ ಮಾಲಿನ್ಯವನ್ನು ಈ ನಿಯಮಾವಳಿ ಹೊರಗಿಟ್ಟಿದೆ, ಅದಕ್ಕೆ ಬೇರೆ ಕಾನೂನು ಇದೆ ಎಂಬ ಕಾರಣಕ್ಕೆ. ಗಣಿಯ ಕಾನೂನು ಕೆಜಿಎಫ್ ಮುಚ್ಚಿದ ಮೇಲೆ ಬಂತು, ಮಾಲಿನ್ಯದ ಕಾನೂನು ಬಂದಾಗ ಗಣಿಯನ್ನು ಬಿಟ್ಟು ಬಂತು. ಹಾಗಾಗಿ ಆ ಊರಿನ ಕೈಯಲ್ಲಿ ಉಳಿಯುವ ಗಟ್ಟಿ ದಾಖಲೆ ಎಂದರೆ ದಿಬ್ಬಗಳನ್ನು ಗುತ್ತಿಗೆಗೆ ಪಡೆಯುವ ಕಂಪನಿಯ ಜೊತೆ ಆಗುವ ಒಪ್ಪಂದ ಒಂದೇ. ಎರಡನೇ ರಾಡಿ ಎಲ್ಲಿ ಬೀಳುತ್ತದೆ, ದೂಳನ್ನು ಅಳೆಯುವವರು ಕಂಪನಿಯವರೋ ಹೊರಗಿನವರೋ, ಮೊದಲ ಲಾರಿ ಹೊರಡುವ ಮುಂಚೆ ಎಷ್ಟು ಠೇವಣಿ ಇಡುತ್ತಾರೆ, ನಡುವೆ ಚಿನ್ನದ ದರ ಬಿದ್ದು ಕಂಪನಿ ಕೈಬಿಟ್ಟರೆ ಅರ್ಧ ಅಗೆದ ದಿಬ್ಬಕ್ಕೆ ಯಾರು ದಿಕ್ಕು ಎಂಬುದೆಲ್ಲ ಅದರಲ್ಲಿ ಬರೆದಿರಬೇಕು. ಕರಡನ್ನು ಇಂಗ್ಲಿಷಿನಲ್ಲೇ ಇಡುತ್ತಾರೆ. ದೂಳು ಕುಡಿಯುವವರು ಮನೆಯಲ್ಲಿ ತಮಿಳು, ತೆಲುಗು, ಕನ್ನಡ ಮಾತಾಡುವವರು. ಸಹಿ ಬೀಳುವ ಮುಂಚೆ ಅದನ್ನು ಈ ಮೂರೂ ಭಾಷೆಯಲ್ಲಿ ಮಾರಿಕುಪ್ಪಂ, ಚಾಂಪಿಯನ್ ರೀಫ್, ಊರಿಗಾಂನ ಲೈನುಗಳಲ್ಲಿ ಓದಿ ಹೇಳುವುದಕ್ಕೆ ಯಾವ ಹೊಸ ಕಾನೂನೂ ಬೇಕಿಲ್ಲ.